ಜಿಟಿಕೆ 3 ಪ್ಯಾಕೇಜನ್ನು ಮೆಸನ್‌ಗೆ ಬದಲಿಸಿದ ಮೇಲೆ ಬೇರೆ ಪ್ಯಾಕೇಜ್‌ಗಳು ಬಿಲ್ಡ್ ಆಗುತ್ತಿಲ್ಲ: ಎಬಿಐ ಬದಲಾಗದಿದ್ದರೂ ರಿವಿಷನ್ ಏರಿಸಬೇಕಿತ್ತೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದಲ್ಲಿ ಪಿಕೆಜಿಸೋರ್ಸ್‌ನ (ಮೂಲ ಕೋಡಿನಿಂದ ಪ್ಯಾಕೇಜ್‌ಗಳನ್ನು ತಯಾರಿಸುವ ವ್ಯವಸ್ಥೆ) ಒಂದು ಸ್ಥಳೀಯ ಪ್ರತಿಯನ್ನು ಇಟ್ಟುಕೊಂಡು, ಅದರಿಂದ ಬೈನರಿ ಪ್ಯಾಕೇಜ್‌ಗಳನ್ನು ತಯಾರಿಸಿ ಹಲವು ಯಂತ್ರಗಳಿಗೆ ಹಂಚುತ್ತೇವೆ. ಅದರಲ್ಲಿ, ಪ್ರೋಗ್ರಾಮ್‌ಗಳಿಗೆ ಕಿಟಕಿ, ಮೆನು ಮುಂತಾದವನ್ನು ಒದಗಿಸುವ ಜಿಟಿಕೆ 3 ಪ್ಯಾಕೇಜನ್ನು ನೋಡಿಕೊಳ್ಳುವ ಜವಾಬ್ದಾರಿ ಈಚೆಗೆ ನನ್ನ ಪಾಲಿಗೆ ಬಂದಿದೆ. ಸಣ್ಣಪುಟ್ಟ ಪ್ಯಾಕೇಜ್‌ಗಳನ್ನು ಮೊದಲೂ ನೋಡಿಕೊಂಡಿದ್ದೇನೆ. ಆದರೆ ಇಷ್ಟೊಂದು ಪ್ಯಾಕೇಜ್‌ಗಳಿಗೆ ಆಧಾರವಾಗಿರುವ ಟೂಲ್‌ಕಿಟ್ ಒಂದನ್ನು ಕೈಗೆತ್ತಿಕೊಂಡಿರುವುದು ಇದೇ ಮೊದಲು.

ಕಳೆದ ವಾರ 3.24 ಸರಣಿಯ ಒಂದು ಬಿಡುಗಡೆಯಿಂದ ಮುಂದಿನ ಬಿಡುಗಡೆಗೆ ಬಂದೆ. ಅದೇ ಸಂದರ್ಭದಲ್ಲಿ ಹಳೆಯ ಆಟೋಟೂಲ್ಸ್ ಬಿಲ್ಡ್ ವ್ಯವಸ್ಥೆಯನ್ನು ಬಿಟ್ಟು ಮೆಸನ್‌ಗೆ ಬದಲಿಸಿದೆ. ಪ್ಯಾಕೇಜನ್ನು ಹೇಗೆ ಬಿಲ್ಡ್ ಮಾಡಬೇಕೆಂದು ಹೇಳುವ ಹಳೆಯ ಮೇಕ್‌ಫೈಲ್ ತುಂಬ ತೇಪೆಗಳಿಂದ ಕೂಡಿದ್ದರಿಂದ ಅದನ್ನು ತಿದ್ದುವ ಬದಲು ಹೊಸದಾಗಿಯೇ ಬರೆದೆ. ಡಿಸ್ಟ್‌ಇನ್ಫೋ ಕಡತದಲ್ಲಿನ, ಮೂಲ ಕಡತಗಳನ್ನು ತಾಳೆ ನೋಡುವ ಮೊತ್ತಗಳನ್ನು ಮತ್ತೆ ತೆಗೆದೆ, ಪಿಲಿಸ್ಟ್ (ಪ್ಯಾಕೇಜ್ ಸ್ಥಾಪಿಸುವ ಕಡತಗಳ ಪಟ್ಟಿ) ಅನ್ನು ಹೊಸದಾಗಿ ಮುದ್ರಿಸಿಕೊಂಡೆ, ಪ್ಯಾಕೇಜಿನ ತಪ್ಪುಗಳನ್ನು ಹುಡುಕುವ ಪಿಕೆಜಿಲಿಂಟ್ ಯಾವ ದೂರನ್ನೂ ಹೇಳಲಿಲ್ಲ. ಹಂಚಿಕೆಯ ಲೈಬ್ರರಿಯ ಹೆಸರು ಮೊದಲಿನಂತೆಯೇ ಲಿಬ್‌ಜಿಟಿಕೆ-3.ಎಸ್‌ಒ.0 ಎಂದೇ ಇದೆ, ಅಂದರೆ ಎಬಿಐ (ಈಗಾಗಲೇ ಕಂಪೈಲ್ ಆದ ಪ್ರೋಗ್ರಾಮ್‌ಗಳು ಲೈಬ್ರರಿಯೊಂದಿಗೆ ಹೊಂದಿಕೊಳ್ಳುವ ರೀತಿ) ಬದಲಾಗಿಲ್ಲ. ಹೀಗಾಗಿ ಜಿಟಿಕೆಯನ್ನು ಅವಲಂಬಿಸಿದ ಬೇರೆ ಯಾವ ಪ್ಯಾಕೇಜಿನ ಪಿಕೆಜಿರಿವಿಷನ್ (ಮೂಲ ಆವೃತ್ತಿ ಅದೇ ಇದ್ದು ಪ್ಯಾಕೇಜ್ ಮಾತ್ರ ಬದಲಾದಾಗ ಏರಿಸುವ ಅಂಕಿ) ಅನ್ನೂ ಏರಿಸಲಿಲ್ಲ. ನನ್ನ ಯಂತ್ರದಲ್ಲಿ ಎಲ್ಲವನ್ನೂ ಮೊದಲಿನಿಂದ ಬಿಲ್ಡ್ ಮಾಡಿ ನೋಡಿದೆ. ಎಲ್ಲವೂ ಸರಿಯಾಗಿಯೇ ಇತ್ತು.

ಪ್ಯಾಕೇಜನ್ನು ಹೊರಗೆ ಬಿಟ್ಟ ಮೇಲೆ ಎರಡು ದೂರುಗಳು ಬಂದಿವೆ. ಮೊದಲನೆಯದು: ಒಬ್ಬರು ಜಿಟಿಕೆ 3 ಅನ್ನು ಮಾತ್ರ ಹೊಸದಕ್ಕೆ ಏರಿಸಿಕೊಂಡು, ಜಿಟಿಕೆಯ ಮೇಲೆ ಕಟ್ಟಿದ ಜಿಟಿಕೆಸೋರ್ಸ್‌ವ್ಯೂ 3 ಲೈಬ್ರರಿಯನ್ನು ಬಳಸುವ ಒಂದು ಪಠ್ಯ ಸಂಪಾದಕವನ್ನು ಮೂಲದಿಂದ ಬಿಲ್ಡ್ ಮಾಡಲು ಹೊರಟಾಗ, ಲಿಬ್‌ಜಿಟಿಕೆ-3.ಎಲ್‌ಎ ಎಂಬ ಕಡತ ಸಿಗುತ್ತಿಲ್ಲವೆಂದು ಲಿಬ್‌ಟೂಲ್ (ಆಟೋಟೂಲ್ಸ್‌ನಲ್ಲಿ ಲೈಬ್ರರಿಗಳನ್ನು ಲಿಂಕ್ ಮಾಡುವ ಸಾಧನ) ನಿಂತುಬಿಡುತ್ತದೆ. ಆಶ್ಚರ್ಯವೆಂದರೆ ಅವರ ಯಂತ್ರದಲ್ಲಿ ಮೊದಲೇ ಇದ್ದ ಜಿಟಿಕೆ ಪ್ರೋಗ್ರಾಮ್‌ಗಳೆಲ್ಲ ಎಂದಿನಂತೆ ಓಡುತ್ತಿವೆ. ಎರಡನೆಯದು: ಇನ್ನೊಬ್ಬರು ಹೊಸ ಯಂತ್ರವೊಂದರಲ್ಲಿ ಜಿಟಿಕೆ 3 ಮತ್ತು ಒಂದು ಚಿಕ್ಕ ಚಿತ್ರ ವೀಕ್ಷಕವನ್ನಷ್ಟೇ ಸ್ಥಾಪಿಸಿಕೊಂಡಿದ್ದಾರೆ. ಕಿಟಕಿ ಸರಿಯಾಗಿ ತೆರೆದುಕೊಳ್ಳುತ್ತದೆ, ಮೆನು ಬರುತ್ತದೆ, ಆದರೆ ಕಡತ ತೆರೆಯಲು ಹೋದ ಕ್ಷಣದಲ್ಲಿ ಇಡೀ ಪ್ರೋಗ್ರಾಮ್ ಮುಚ್ಚಿಹೋಗುತ್ತದೆ. ಟರ್ಮಿನಲ್‌ನಿಂದ ಓಡಿಸಿದಾಗ, ಈ ಯಂತ್ರದಲ್ಲಿ ಯಾವ ಜಿಸೆಟ್ಟಿಂಗ್ಸ್ ಸ್ಕೀಮಾವೂ (ಪ್ರೋಗ್ರಾಮ್‌ಗಳ ಸೆಟ್ಟಿಂಗ್‌ಗಳ ವಿವರಣೆ) ಸ್ಥಾಪಿತವಾಗಿಲ್ಲ ಎಂಬ ಅರ್ಥದ ಸಂದೇಶ ಕಂಡಿತಂತೆ.

ಎಬಿಐ ಬದಲಾಗದಿದ್ದರೆ ಅವಲಂಬಿತ ಪ್ಯಾಕೇಜ್‌ಗಳನ್ನು ಮುಟ್ಟಬೇಕಿಲ್ಲ ಎಂದು ನಾನು ತಿಳಿದಿದ್ದೆ. ಆ ತಿಳಿವಳಿಕೆಯಲ್ಲೇ ತಪ್ಪಿದೆಯೇ? ಈ ಎರಡು ದೂರುಗಳಿಗೂ ಒಂದೇ ಕಾರಣವಿರಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಮಸ್ಕಾರ. ಎರಡಕ್ಕೂ ಕಾರಣ ಒಂದೇ ಅಲ್ಲ. ಮೊದಲನೆಯದನ್ನು ನಾನು ಬಿಡಿಸಿ ಹೇಳುತ್ತೇನೆ. ಎರಡನೆಯದಕ್ಕೆ ನಿಮ್ಮ ಹೊಸ ಮೇಕ್‌ಫೈಲ್ ಅನ್ನು ನೋಡಿದವರು ಉತ್ತರಿಸುವುದು ಮೇಲು.

ನಿಮ್ಮ ಹಳೆಯ ಪಿಲಿಸ್ಟ್ ಅನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹಳೆಯದರಲ್ಲಿ ಲಿಬ್‌ಜಿಟಿಕೆ-3.ಎಲ್‌ಎ, ಲಿಬ್‌ಜಿಡಿಕೆ-3.ಎಲ್‌ಎ, ಲಿಬ್‌ಗೇಲ್‌ಯುಟಿಲ್-3.ಎಲ್‌ಎ ಎಂಬ ಮೂರು ಸಾಲುಗಳಿದ್ದವು. ಲಿಬ್‌ಟೂಲ್ ಬಳಸುವ ಪ್ಯಾಕೇಜ್‌ಗಳಲ್ಲಿ ಪಿಲಿಸ್ಟ್‌ಗೆ ಈ ಸಾಲುಗಳನ್ನು ಬರೆದರೆ ಸಾಕು, ಅವುಗಳ ಹಿಂದಿರುವ ಎಸ್‌ಒ ಕಡತಗಳನ್ನು ಪಿಕೆಜಿಸೋರ್ಸ್ ತಾನೇ ಬಿಡಿಸಿಕೊಳ್ಳುತ್ತದೆ. ಮೆಸನ್ ಲಿಬ್‌ಟೂಲನ್ನು ಬಳಸುವುದಿಲ್ಲ. ಆದ್ದರಿಂದ ಆ ಮೂರು ಸಾಲುಗಳು ಹೋಗಿ, ಅವುಗಳ ಜಾಗದಲ್ಲಿ ಲಿಬ್‌ಜಿಟಿಕೆ-3.ಎಸ್‌ಒ, ಲಿಬ್‌ಜಿಟಿಕೆ-3.ಎಸ್‌ಒ.0, ಮತ್ತು 0.2404 ಎಂದು ಶುರುವಾಗಿ ಇನ್ನೊಂದು ಸಂಖ್ಯೆಯೊಂದಿಗೆ ಮುಗಿಯುವ ಪೂರ್ಣ ಹೆಸರಿನ ಕಡತ ಹೀಗೆ ಒಂದೊಂದು ಲೈಬ್ರರಿಗೆ ಮೂರು ಮೂರು ಸಾಲುಗಳು ಬಂದಿರುತ್ತವೆ. ಮುದ್ರಿಸಿಕೊಂಡ ಪಿಲಿಸ್ಟ್‌ನಲ್ಲಿ ಈ ವ್ಯತ್ಯಾಸ ನಿಮ್ಮ ಕಣ್ಣ ಮುಂದೆಯೇ ಇತ್ತು. ಆದರೆ ಸಾಲೊಂದು ಪಿಲಿಸ್ಟ್‌ನಿಂದ ಮರೆಯಾಯಿತೆಂದರೆ ಬಳಕೆದಾರರ ಡಿಸ್ಕ್‌ನಿಂದ ಒಂದು ಕಡತ ಮರೆಯಾಯಿತೆಂದೇ ಅರ್ಥ, ಆ ಕಡತವನ್ನು ನೆಚ್ಚಿಕೊಂಡವರು ಯಾರಾದರೂ ಇದ್ದಾರೆಯೇ ಎಂದು ಅಲ್ಲೇ ನಿಂತು ಕೇಳಿಕೊಳ್ಳಬೇಕಿತ್ತು.

ನೆಚ್ಚಿಕೊಂಡವರು ಇದ್ದರು. ಎಲ್‌ಎ ಕಡತವೆಂದರೆ ಬೈನರಿ ಏನೂ ಅಲ್ಲ, ಯಾವುದೇ ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದಾದ ಕೆಲವು ಹತ್ತು ಸಾಲುಗಳ ಕಡತ. ಆ ಯಂತ್ರದಲ್ಲಿರುವ ಜಿಟಿಕೆಸೋರ್ಸ್‌ವ್ಯೂ 3 ಲೈಬ್ರರಿಯ ಎಲ್‌ಎ ಕಡತವನ್ನು ಒಮ್ಮೆ ತೆರೆದು ನೋಡಲು ಹೇಳಿ. ಅದರಲ್ಲಿ ಡಿಪೆಂಡೆನ್ಸಿ ಲಿಬ್ಸ್ ಎಂದು ಶುರುವಾಗುವ ಒಂದು ಉದ್ದನೆಯ ಸಾಲಿದೆ. ಆ ಪ್ಯಾಕೇಜ್ ಬಿಲ್ಡ್ ಆದ ದಿನ ಅದರ ಕೆಳಗಿದ್ದ ಲೈಬ್ರರಿಗಳ ಎಲ್‌ಎ ಕಡತಗಳು ಎಲ್ಲೆಲ್ಲಿದ್ದವು ಎಂಬುದು, ಲಿಬ್‌ಜಿಟಿಕೆ-3.ಎಲ್‌ಎ ಕೂಡ ಸೇರಿದಂತೆ, ಅಲ್ಲಿ ದಾಖಲಾಗಿರುತ್ತದೆ. ಈಗ ಪಠ್ಯ ಸಂಪಾದಕವು ಜಿಟಿಕೆಸೋರ್ಸ್‌ವ್ಯೂಗೆ ಲಿಂಕ್ ಆಗಲು ಬಂದಾಗ ಲಿಬ್‌ಟೂಲ್ ಆ ಸಾಲನ್ನು ಓದಿ, ಅಲ್ಲಿ ಹೇಳಿದ ಕಡತವನ್ನು ಹುಡುಕಿಕೊಂಡು ಹೋಗುತ್ತದೆ. ನೀವು ಅದನ್ನು ತೆಗೆದುಬಿಟ್ಟಿದ್ದೀರಿ. ಓಡುವ ಪ್ರೋಗ್ರಾಮ್‌ಗಳಿಗೆ ತೊಂದರೆಯಾಗದಿರಲು ಕಾರಣವೂ ಇದೇ: ಪ್ರೋಗ್ರಾಮ್ ಶುರುವಾಗುವಾಗ ಲೈಬ್ರರಿಗಳನ್ನು ಜೋಡಿಸುವ ಡೈನಮಿಕ್ ಲಿಂಕರ್ ಎಸ್‌ಒ ಕಡತಗಳನ್ನು ಮಾತ್ರ ನೋಡುತ್ತದೆ, ಎಲ್‌ಎ ಕಡತ ಅದಕ್ಕೆ ಬೇಕಿಲ್ಲ. ನಿಮ್ಮ ಯಂತ್ರದಲ್ಲಿ ಏನೂ ಆಗಲಿಲ್ಲ, ಏಕೆಂದರೆ ನೀವು ಎಲ್ಲವನ್ನೂ ಮೊದಲಿನಿಂದ ಬಿಲ್ಡ್ ಮಾಡಿದಿರಿ. ಜಿಟಿಕೆಸೋರ್ಸ್‌ವ್ಯೂ ಬಿಲ್ಡ್ ಆಗುವ ಹೊತ್ತಿಗೆ ಹಳೆಯ ಎಲ್‌ಎ ಕಡತ ಅಲ್ಲಿ ಇರಲೇ ಇಲ್ಲ, ಹಾಗಾಗಿ ಅದರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ.

ಇದು ಜಿಟಿಕೆಗೆ ಮಾತ್ರ ಬಂದ ಕಷ್ಟವಲ್ಲ. ಜಿಟಿಕೆಗೇ ಆಧಾರವಾದ ಜಿಲಿಬ್ ಲೈಬ್ರರಿಯು ತನ್ನ 2.60 ಆವೃತ್ತಿಯಲ್ಲಿ ಆಟೋಟೂಲ್ಸ್ ಅನ್ನು ಪೂರ್ತಿಯಾಗಿ ಕೈಬಿಟ್ಟು ಮೆಸನ್‌ಗೆ ಹೋಯಿತು. ಬಿಲ್ಡ್ ವ್ಯವಸ್ಥೆಯನ್ನು ಹೀಗೆ ಬದಲಿಸುವ ಪ್ರತಿಯೊಂದು ಲೈಬ್ರರಿಯೂ ತನ್ನ ಮೇಲಿರುವ ಲಿಬ್‌ಟೂಲ್ ಪ್ಯಾಕೇಜ್‌ಗಳಿಗೆ ಇದೇ ಪೆಟ್ಟನ್ನು ಕೊಡುತ್ತದೆ.

ಈಗ ಪರಿಹಾರ. ಜಿಟಿಕೆ 3 ಅನ್ನು ಅವಲಂಬಿಸಿದ ಎಲ್ಲ ಪ್ಯಾಕೇಜ್‌ಗಳ ಪಿಕೆಜಿರಿವಿಷನ್ ಏರಿಸಬೇಕು ಎಂದು ನೀವು ಈಗಾಗಲೇ ಊಹಿಸಿರುತ್ತೀರಿ. ಅದು ಅರ್ಧ ಕೆಲಸ ಮಾತ್ರ, ಹೊಸಬರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಮ್ಮ ಬಳಕೆದಾರರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಜಿಟಿಕೆಸೋರ್ಸ್‌ವ್ಯೂ 3ರ ರಿವಿಷನ್ ಏರಿಸಿದ್ದೀರಿ ಎಂದಿಟ್ಟುಕೊಳ್ಳೋಣ. ಅವರ ಯಂತ್ರದಲ್ಲಿ ಹಳೆಯ ರಿವಿಷನ್ ಇದೆ. ಅವರು ಪಠ್ಯ ಸಂಪಾದಕವನ್ನು ಬಿಲ್ಡ್ ಮಾಡುವಾಗ ಪಿಕೆಜಿಸೋರ್ಸ್ ನೋಡುವುದು ಜಿಟಿಕೆಸೋರ್ಸ್‌ವ್ಯೂನ ಬಿಲ್ಡ್‌ಲಿಂಕ್3 ಕಡತದಲ್ಲಿರುವ (ಒಂದು ಪ್ಯಾಕೇಜನ್ನು ಅವಲಂಬಿಸುವವರು ತಮ್ಮ ಮೇಕ್‌ಫೈಲಿಗೆ ಸೇರಿಸಿಕೊಳ್ಳುವ ಕಡತ) ಕನಿಷ್ಠ ಆವೃತ್ತಿಯನ್ನು. ಅಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಈಗಿರುವುದೇ ಸಾಕು ಎಂದು ತೀರ್ಮಾನಿಸಿ ಮುಂದುವರಿಯುತ್ತದೆ, ಮತ್ತೆ ಅದೇ ಜಾಗದಲ್ಲಿ ಬಂದು ಮುಗ್ಗರಿಸುತ್ತದೆ. ಆದ್ದರಿಂದ ಜಿಟಿಕೆಯ ಮೇಲೆ ನಿಂತು, ತಾವೂ ಬೇರೆಯವರಿಗೆ ಆಧಾರವಾಗಿರುವ ನಡುವಿನ ಲೈಬ್ರರಿಗಳು ಯಾವುವೋ ಅವುಗಳೆಲ್ಲದರ ಬಿಲ್ಡ್‌ಲಿಂಕ್3 ಕಡತದಲ್ಲಿ ಎಬಿಐ ಡಿಪೆಂಡ್ಸ್ ಸಾಲನ್ನು ಹೊಸ ರಿವಿಷನ್‌ಗೆ, ಅಂದರೆ ಕೊನೆಯಲ್ಲಿ ಎನ್‌ಬಿ ಮತ್ತು ಹೊಸ ಅಂಕಿ ಇರುವ ಹೆಸರಿಗೆ, ಏರಿಸಲೇಬೇಕು. ಜಿಟಿಕೆ 3ರ ಸ್ವಂತ ಬಿಲ್ಡ್‌ಲಿಂಕ್3 ಕಡತದಲ್ಲೂ ಎಬಿಐ ಸಾಲನ್ನು ನಿಮ್ಮ ಹೊಸ ಆವೃತ್ತಿಗೆ ತನ್ನಿ.

ಎಪಿಐ ಡಿಪೆಂಡ್ಸ್ ಸಾಲನ್ನು ಮಾತ್ರ ಮುಟ್ಟಬೇಡಿ. ಅದು ಮೂಲ ಕೋಡ್ ಕಂಪೈಲ್ ಆಗಲು ಬೇಕಾದ ಕನಿಷ್ಠ ಆವೃತ್ತಿಯನ್ನು ಹೇಳುವ ಸಾಲು. ಯಾವುದೋ ಒಂದು ಪ್ರೋಗ್ರಾಮಿಗೆ ಹೊಸ ಫಂಕ್ಷನ್ ಬೇಕಾದರೆ ಆ ಪ್ರೋಗ್ರಾಮಿನ ಮೇಕ್‌ಫೈಲಿನಲ್ಲಿ, ಜಿಟಿಕೆಯ ಬಿಲ್ಡ್‌ಲಿಂಕ್3 ಕಡತವನ್ನು ಸೇರಿಸಿಕೊಳ್ಳುವ ಸಾಲಿಗಿಂತ ಮುಂಚೆ, ಅದರ ಮಟ್ಟಿಗೆ ಹೆಚ್ಚಿನ ಎಪಿಐ ಆವೃತ್ತಿಯನ್ನು ಕೇಳಿಕೊಳ್ಳಬಹುದು. ಎಲ್ಲರ ತಲೆಯ ಮೇಲೂ ಅದನ್ನು ಹೊರಿಸುವುದು ಸರಿಯಲ್ಲ.

ಇನ್ನು ನೀವು ಕೇಳಿದ ಮೂಲ ಪ್ರಶ್ನೆ. ಎಬಿಐ ಎಂಬುದು ಲೈಬ್ರರಿಯ ಹೆಸರಿನ ಕೊನೆಯಲ್ಲಿರುವ ಅಂಕಿಯಷ್ಟೇ ಎಂದು ತಿಳಿದದ್ದು ತಪ್ಪು. ಆ ಅಂಕಿಯನ್ನು ಕೊಡುವವರು ಮೂಲ ಯೋಜನೆಯವರು. ಅವರು ತಮ್ಮ ಕೋಡಿನ ಬಗ್ಗೆ ಮಾತು ಕೊಡುತ್ತಾರೆ. ನೀವು ಕೊಡುವುದು ಪ್ಯಾಕೇಜನ್ನು. ಅದರೊಳಗಿನ ಯಾವ ಕಡತವನ್ನು ಮೇಲಿನವರು ಬಿಲ್ಡ್ ಮಾಡುವಾಗ ಓದಿ ತಮ್ಮೊಳಗೆ ಬರೆದಿಟ್ಟುಕೊಂಡಿರುತ್ತಾರೋ ಅದೆಲ್ಲವೂ ನೀವು ಅವರಿಗೆ ಕೊಟ್ಟ ಮಾತೇ. ಆ ಮಾತು ಬದಲಾದಾಗ ರಿವಿಷನ್ ಏರಬೇಕು, ಮೂಲ ಕೋಡಿನಲ್ಲಿ ಒಂದಕ್ಷರ ಬದಲಾಗದಿದ್ದರೂ ಸಹ.

ಉತ್ತರ 2

ಎರಡನೆಯ ದೂರಿನ ಬಗ್ಗೆ. ಮೇಕ್‌ಫೈಲ್ ಅನ್ನು ಹೊಸದಾಗಿ ಬರೆದೆ ಎಂದಿದ್ದೀರಿ. ಹಳೆಯದರಲ್ಲಿ ಜಿಲಿಬ್ ಪ್ಯಾಕೇಜಿನ ಡೈರೆಕ್ಟರಿಯಿಂದ ಸ್ಕೀಮಾಸ್.ಎಂಕೆ ಎಂಬ ಕಡತವನ್ನು ಸೇರಿಸಿಕೊಳ್ಳುವ ಒಂದು ಸಾಲಿದ್ದಿರಬೇಕು. ಹೊಸದರಲ್ಲಿ ಅದು ಇದೆಯೇ ನೋಡಿ. ಇಲ್ಲವೆಂದೇ ನನಗೆ ಅನ್ನಿಸುತ್ತದೆ.

ಜಿಟಿಕೆ 3 ತನ್ನ ಕಡತ ಆಯ್ಕೆಯ ಸಂವಾದಕ್ಕೆ ಬೇಕಾದ ಸೆಟ್ಟಿಂಗ್‌ಗಳ ವಿವರಣೆಯನ್ನು ಒಂದು ಎಕ್ಸ್‌ಎಮ್‌ಎಲ್ ಕಡತವಾಗಿ ಸ್ಥಾಪಿಸುತ್ತದೆ. ಆದರೆ ಪ್ರೋಗ್ರಾಮ್ ಓಡುವಾಗ ಯಾರೂ ಆ ಎಕ್ಸ್‌ಎಮ್‌ಎಲ್ ಕಡತವನ್ನು ಓದುವುದಿಲ್ಲ. ಅದೇ ಡೈರೆಕ್ಟರಿಯಲ್ಲಿರುವ ಎಲ್ಲ ಸ್ಕೀಮಾಗಳನ್ನೂ ಒಟ್ಟುಗೂಡಿಸಿ ಜಿಲಿಬ್ ಕಂಪೈಲ್ ಸ್ಕೀಮಾಸ್ ಎಂಬ ಕಮಾಂಡ್ ಒಂದು ಬೈನರಿ ಕಡತವನ್ನು ತಯಾರಿಸುತ್ತದೆ, ಓದಲ್ಪಡುವುದು ಅದು. ಹಲವು ಪ್ಯಾಕೇಜ್‌ಗಳ ಸ್ಕೀಮಾಗಳು ಸೇರಿ ಆಗುವ ಕಡತವಾದ್ದರಿಂದ ಅದು ಯಾವುದೇ ಒಂದು ಪ್ಯಾಕೇಜಿಗೆ ಸೇರುವಂತಿಲ್ಲ, ಯಾವ ಪಿಲಿಸ್ಟ್‌ನಲ್ಲೂ ಇರುವಂತಿಲ್ಲ. ಪ್ಯಾಕೇಜ್ ಬಳಕೆದಾರರ ಯಂತ್ರಕ್ಕೆ ಬಂದಾಗಲೂ ಅಲ್ಲಿಂದ ಹೋಗುವಾಗಲೂ ಅಲ್ಲಿಯೇ ಮತ್ತೆ ತಯಾರಾಗಬೇಕು. ಆ ಕೆಲಸವನ್ನು ಮಾಡಿಸುವುದೇ ಸ್ಕೀಮಾಸ್.ಎಂಕೆ.

ಮೂಲದಿಂದ ನೇರವಾಗಿ ಮೆಸನ್ ಮೂಲಕ ಸ್ಥಾಪಿಸಿಕೊಳ್ಳುವವರಿಗೆ ಜಿಟಿಕೆಯ ಸ್ವಂತ ಸ್ಕ್ರಿಪ್ಟ್ ಇದನ್ನು ಕೊನೆಯಲ್ಲಿ ಮಾಡಿಕೊಡುತ್ತದೆ. ಆದರೆ ಪ್ಯಾಕೇಜ್ ವ್ಯವಸ್ಥೆಗಳು ಡೆಸ್ಟ್‌ಡಿರ್ ಎಂಬ ತಾತ್ಕಾಲಿಕ ಡೈರೆಕ್ಟರಿಯೊಳಗೆ ಸ್ಥಾಪಿಸುವುದನ್ನು ಗಮನಿಸಿ, ಆಗ ಆ ಸ್ಕ್ರಿಪ್ಟ್ ಸುಮ್ಮನಿರುತ್ತದೆ, ಮುಂದಿನದನ್ನು ಪ್ಯಾಕೇಜ್ ಮಾಡುವವರು ನೋಡಿಕೊಳ್ಳುತ್ತಾರೆಂಬ ಭರವಸೆಯಿಂದ. ಅದು ಸರಿಯಾದ ಕ್ರಮವೇ. ನಿಮ್ಮ ಯಂತ್ರದಲ್ಲಿ ಬೇರೆ ಪ್ಯಾಕೇಜ್‌ಗಳು ಸ್ಕೀಮಾ ಕಡತವನ್ನು ಆಗಾಗ ಮತ್ತೆ ತಯಾರಿಸುತ್ತಲೇ ಇದ್ದುದರಿಂದ ಕೊರತೆ ಕಾಣಲಿಲ್ಲ. ಹೊಸ ಯಂತ್ರದಲ್ಲಿ ಅದನ್ನು ತಯಾರಿಸುವವರು ಯಾರೂ ಇರಲಿಲ್ಲ. ಕಿಟಕಿ ತೆರೆಯಲು ಸ್ಕೀಮಾ ಬೇಕಿಲ್ಲ, ಕಡತ ಆಯ್ಕೆಯ ಸಂವಾದಕ್ಕೆ ಬೇಕು. ಸ್ಕೀಮಾ ಸಿಗದಿದ್ದರೆ ಜಿಸೆಟ್ಟಿಂಗ್ಸ್ ಎಚ್ಚರಿಕೆ ಕೊಟ್ಟು ಸುಮ್ಮನಾಗುವುದಿಲ್ಲ, ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ.

ಇದೇ ಬಗೆಯ ಇನ್ನೂ ಕೆಲವು ಕಡತಗಳಿವೆ: ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ಬೇಕಾದ ಇನ್‌ಪುಟ್ ಮಾಡ್ಯೂಲ್‌ಗಳ ಪಟ್ಟಿಯಾದ ಇಮ್ಮಾಡ್ಯೂಲ್ಸ್.ಕ್ಯಾಶ್, ಚಿತ್ರ ಮಾದರಿಗಳನ್ನು ಓದುವ ಲೋಡರ್‌ಗಳ ಪಟ್ಟಿ, ಐಕಾನ್‌ಗಳ ಕ್ಯಾಶ್. ಮೇಕ್‌ಫೈಲ್ ಹೊಸದಾಗಿ ಬರೆಯುವಾಗ ಇವುಗಳಿಗೆ ಸಂಬಂಧಿಸಿದ ಸಾಲುಗಳೂ ಬಿಟ್ಟುಹೋಗಿರಬಹುದು. ಇಮ್ಮಾಡ್ಯೂಲ್ಸ್ ಪಟ್ಟಿ ಹಳತಾದರೆ ಯಾವ ಪ್ರೋಗ್ರಾಮೂ ಸಾಯುವುದಿಲ್ಲ, ಆದರೆ ಕನ್ನಡದಂತಹ ಭಾಷೆಗಳಲ್ಲಿ ಟೈಪ್ ಮಾಡುವವರ ಇನ್‌ಪುಟ್ ವಿಧಾನ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ, ಅಂತಹ ದೂರು ನಿಮ್ಮ ಕಿವಿಗೆ ಬೀಳಲು ತಿಂಗಳುಗಳೇ ಹಿಡಿಯಬಹುದು. ಅದಕ್ಕಾಗಿ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬ ಧನ್ಯವಾದಗಳು. ಸ್ಕೀಮಾದ ವಿಷಯದಲ್ಲಿ ನೀವು ಹೇಳಿದ್ದು ಅಕ್ಷರಶಃ ನಿಜ. ಹಳೆಯ ಮೇಕ್‌ಫೈಲಿನ ಕೊನೆಯಲ್ಲಿದ್ದ ಆ ಸಾಲು ಹೊಸದರಲ್ಲಿ ಇಲ್ಲ. ಅದರ ಪಕ್ಕದಲ್ಲೇ ಇದ್ದ, ಇಮ್ಮಾಡ್ಯೂಲ್ಸ್ ಪಟ್ಟಿಗೆ ಸಂಬಂಧಿಸಿದ ಮಾಡ್ಯೂಲ್ಸ್.ಎಂಕೆ ಸಾಲನ್ನೂ ಬಿಟ್ಟಿದ್ದೆ. ಎರಡನ್ನೂ ಸೇರಿಸಿ ಪ್ಯಾಕೇಜನ್ನು ಮತ್ತೆ ತಯಾರಿಸಿ, ಹಳೆಯದರ ಜಾಗದಲ್ಲಿ ಹೊಸದನ್ನು ಇಟ್ಟಿದ್ದೇನೆ. ಏನನ್ನೂ ಸ್ಥಾಪಿಸದ ಒಂದು ಖಾಲಿ ಪರಿಸರದಲ್ಲಿ ಚಿತ್ರ ವೀಕ್ಷಕವನ್ನು ಹಾಕಿ ನೋಡಿದೆ. ಕಡತ ತೆರೆಯುವ ಸಂವಾದ ಈಗ ಬರುತ್ತಿದೆ.

ಲಿಬ್‌ಟೂಲ್ ವಿಷಯಕ್ಕೆ ಬಂದರೆ, ಆ ಎಲ್‌ಎ ಕಡತವನ್ನು ತರಿಸಿಕೊಂಡು ನೋಡಿದೆ. ಡಿಪೆಂಡೆನ್ಸಿ ಲಿಬ್ಸ್ ಸಾಲಿನಲ್ಲಿ ಲಿಬ್‌ಜಿಟಿಕೆ-3.ಎಲ್‌ಎ ಹೆಸರು ಹಾಗೆಯೇ ಇತ್ತು. ಅವಲಂಬಿತ ಪ್ಯಾಕೇಜ್‌ಗಳ ರಿವಿಷನ್‌ಗಳನ್ನು ಏರಿಸುವ ಕೆಲಸ ನಡೆಯುತ್ತಿದೆ, ನಡುವಿನ ಲೈಬ್ರರಿಗಳ ಎಬಿಐ ಸಾಲುಗಳನ್ನೂ ಒಂದೊಂದಾಗಿ ನೋಡುತ್ತಿದ್ದೇನೆ.

ಈ ನಡುವೆ ಮೂರನೆಯ ದೂರೊಂದು ಬಂದಿದೆ. ನಾನು ಈ ಬಾರಿ ವೇಲ್ಯಾಂಡ್ (ಎಕ್ಸ್11ರ ಬದಲಿಗೆ ಬಂದ, ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆ) ಆಯ್ಕೆಯನ್ನು ಪೂರ್ವನಿಯೋಜಿತವಾಗಿ ಸಕ್ರಿಯಗೊಳಿಸಿದ್ದೆ. ಒಬ್ಬರು ತಮ್ಮ ಯಂತ್ರದಲ್ಲಿ ವೇಲ್ಯಾಂಡ್ ಬೇಡವೆಂದು ಆ ಆಯ್ಕೆಯನ್ನು ತೆಗೆದು ಜಿಟಿಕೆ 3 ಅನ್ನು ತಾವೇ ಬಿಲ್ಡ್ ಮಾಡಿಕೊಂಡಿದ್ದಾರೆ, ಉಳಿದದ್ದನ್ನೆಲ್ಲ ನಮ್ಮ ಬೈನರಿಗಳಿಂದ ತೆಗೆದುಕೊಂಡಿದ್ದಾರೆ. ಒಂದು ಪ್ರೋಗ್ರಾಮ್ ಶುರುವಾಗಿ ಸ್ವಲ್ಪ ಹೊತ್ತಿನ ಮೇಲೆ, ಜಿಡಿಕೆ ವೇಲ್ಯಾಂಡ್ ಡಿಸ್‌ಪ್ಲೇ ಗೆಟ್ ಟೈಪ್ ಎಂಬ ಸಿಂಬಲ್ (ಲೈಬ್ರರಿಯೊಳಗಿನ ಫಂಕ್ಷನ್ನಿನ ಹೆಸರು) ಸಿಗಲಿಲ್ಲವೆಂದು ಹೇಳಿ ನಿಲ್ಲುತ್ತದಂತೆ. ಅವರ ಜಿಟಿಕೆಯ ಆವೃತ್ತಿಯೂ ನಮ್ಮದೂ ಒಂದೇ. ಇದನ್ನು ನನ್ನ ತಪ್ಪೆಂದು ತಿಳಿಯಬೇಕೇ?

ಉತ್ತರ 3

ಅವರ ಆಯ್ಕೆ ಅವರದ್ದು, ಆದರೆ ಅಂತಹ ಬೆರಕೆ ಕೆಲಸ ಮಾಡದೆಂದು ಅವರಿಗೆ ತಿಳಿಯುವ ದಾರಿ ಯಾವುದೂ ಇರಲಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಇದು ಟೂಲ್‌ಕಿಟ್ ಪ್ಯಾಕೇಜ್‌ಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಸಮಸ್ಯೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜಿಟಿಕೆ 3ರಲ್ಲಿ ಪರದೆಯ ಜೊತೆ ವ್ಯವಹರಿಸುವ ಭಾಗ ಜಿಡಿಕೆ. ಎಕ್ಸ್11, ವೇಲ್ಯಾಂಡ್, ಮ್ಯಾಕ್‌ಒಎಸ್‌ನ ಕ್ವಾರ್ಟ್ಜ್ ಇವು ಅದರ ಬೇರೆ ಬೇರೆ ಬ್ಯಾಕೆಂಡ್‌ಗಳು. ಯಾವ ಬ್ಯಾಕೆಂಡ್‌ಗಳನ್ನು ಸೇರಿಸಿ ಬಿಲ್ಡ್ ಮಾಡಿದರೂ ಹೊರಬರುವ ಲೈಬ್ರರಿ ಅದೇ ಲಿಬ್‌ಜಿಡಿಕೆ-3. ಹೆಸರು ಒಂದೇ, ಅಂಕಿ ಒಂದೇ, ಒಳಗಿನ ಸಿಂಬಲ್‌ಗಳು ಬೇರೆ. ಅವರ ಯಂತ್ರದ ಲೈಬ್ರರಿಯನ್ನೂ ನಿಮ್ಮದನ್ನೂ, ಸಿಂಬಲ್‌ಗಳನ್ನು ಪಟ್ಟಿ ಮಾಡುವ ಎನ್‌ಎಮ್ ಕಮಾಂಡಿನಿಂದ ನೋಡಿದರೆ, ನಿಮ್ಮದರಲ್ಲಿ ಜಿಡಿಕೆ ವೇಲ್ಯಾಂಡ್ ಎಂದು ಶುರುವಾಗುವ ಹತ್ತಾರು ಹೆಸರುಗಳು ಸಾಲಾಗಿ ಕಾಣುತ್ತವೆ, ಅವರದರಲ್ಲಿ ಒಂದೂ ಇರುವುದಿಲ್ಲ.

ಪ್ರೋಗ್ರಾಮ್‌ಗಳು ಇದಕ್ಕೆ ಸಿಕ್ಕಿಕೊಳ್ಳುವುದು ಹೀಗೆ. ವೇಲ್ಯಾಂಡ್ ಸೇರಿದ ಜಿಟಿಕೆಯ ಹೆಡರ್‌ಗಳು ಅದು ಇದೆಯೆಂದು ಹೇಳುವ ಒಂದು ಮ್ಯಾಕ್ರೋವನ್ನು ವ್ಯಾಖ್ಯಾನಿಸುತ್ತವೆ. ಪ್ರೋಗ್ರಾಮ್ ಕಂಪೈಲ್ ಆಗುವಾಗ ಆ ಮ್ಯಾಕ್ರೋ ಇದ್ದರೆ, ಈಗ ಓಡುತ್ತಿರುವುದು ವೇಲ್ಯಾಂಡ್ ಡಿಸ್‌ಪ್ಲೇ ಹೌದೇ ಎಂದು ಪರೀಕ್ಷಿಸುವ ಕೋಡನ್ನು ಸೇರಿಸಿಕೊಳ್ಳುತ್ತದೆ. ಆ ಪರೀಕ್ಷೆ ನೋಡಲು ಮ್ಯಾಕ್ರೋದಂತಿದ್ದರೂ ಒಳಗೆ ನೀವು ಹೇಳಿದ ಸಿಂಬಲ್ಲನ್ನೇ ಕರೆಯುತ್ತದೆ. ಬಳಕೆದಾರರು ಎಕ್ಸ್11ರಲ್ಲೇ ಇದ್ದರೂ ಪರೀಕ್ಷೆಯಂತೂ ನಡೆಯಲೇಬೇಕಲ್ಲ, ಹಾಗಾಗಿ ಸಿಂಬಲ್ ಬೇಕೇ ಬೇಕು. ಫಂಕ್ಷನ್‌ಗಳ ವಿಳಾಸವನ್ನು ಲಿಂಕರ್ ಸಾಮಾನ್ಯವಾಗಿ ಮೊದಲ ಕರೆಯ ಹೊತ್ತಿಗೆ ಮಾತ್ರ ಹುಡುಕುವುದರಿಂದ ಪ್ರೋಗ್ರಾಮ್ ಶುರುವಾಗಿ, ಕಿಟಕಿ ತೋರಿಸಿ, ಆ ಪರೀಕ್ಷೆಯ ಸಾಲಿಗೆ ಬಂದ ಮೇಲೆ ಬೀಳುತ್ತದೆ. ಹಾಗಾಗಿಯೇ ಪ್ರೋಗ್ರಾಮ್ ತೆರೆದುಕೊಂಡಿತು, ಸಾಕು ಎಂಬ ಪರೀಕ್ಷೆಗೆ ಇದು ಸಿಕ್ಕಿಬೀಳುವುದಿಲ್ಲ.

ಪಿಕೆಜಿಸೋರ್ಸ್ ಇದಕ್ಕೆ ಪೂರ್ಣ ಪರಿಹಾರ ಕೊಡುವುದಿಲ್ಲ, ಏಕೆಂದರೆ ಅವಲಂಬನೆಯ ಸಾಲಿನಲ್ಲಿ ಹೆಸರು ಮತ್ತು ಆವೃತ್ತಿ ಮಾತ್ರ ಇರುತ್ತವೆ, ಆಯ್ಕೆಗಳು ಇರುವುದಿಲ್ಲ. ಆದರೆ ನಿಮ್ಮ ಕೈಯಲ್ಲಿರುವ ಮೂರು ಕೆಲಸಗಳನ್ನು ಮಾಡಲೇಬೇಕು. ಪಿಲಿಸ್ಟ್‌ನಲ್ಲಿ ಜಿಡಿಕೆವೇಲ್ಯಾಂಡ್.ಎಚ್ ಹೆಡರ್ ಹಾಗೂ ವೇಲ್ಯಾಂಡ್‌ನ ಪಿಸಿ ಕಡತಗಳ (ಲೈಬ್ರರಿಗೆ ಲಿಂಕ್ ಆಗುವ ಬಗೆಯನ್ನು ಹೇಳುವ ಕಡತಗಳು) ಸಾಲುಗಳಿಗೆ ವೇಲ್ಯಾಂಡ್ ಪಿಲಿಸ್ಟ್ ವೇರಿಯಬಲ್‌ನ ಗುರುತನ್ನು ಹಚ್ಚಿ, ಆಯ್ಕೆ ಇಲ್ಲದೆ ಬಿಲ್ಡ್ ಮಾಡುವವರಿಗೆ ಪಿಲಿಸ್ಟ್ ಹೊಂದದೆ ಹೋಗಬಾರದು. ಬಿಲ್ಡ್‌ಲಿಂಕ್3 ಕಡತದಲ್ಲಿ ಜಿಟಿಕೆ ಯಾವ ಆಯ್ಕೆಗಳೊಂದಿಗೆ ಬಿಲ್ಡ್ ಆಗಿದೆ ಎಂಬುದನ್ನು ಪಿಕೆಜಿ ಬಿಲ್ಡ್ ಆಪ್ಷನ್ಸ್ ಕಡತದ ಮೂಲಕ ಕೇಳಿ, ವೇಲ್ಯಾಂಡ್ ಇದ್ದರೆ ಮಾತ್ರ ವೇಲ್ಯಾಂಡ್‌ನ ಬಿಲ್ಡ್‌ಲಿಂಕ್3 ಕಡತವನ್ನು ಒಳಗೆ ತನ್ನಿ. ಮೂರನೆಯದು, ಪೂರ್ವನಿಯೋಜಿತ ಆಯ್ಕೆಯನ್ನು ಬದಲಿಸಿದಿರಿ ಎಂದರೆ ಅದೂ ಒಂದು ಎಬಿಐ ಬದಲಾವಣೆಯೇ ಎಂದು ತಿಳಿದು ರಿವಿಷನ್ ಏರಿಸಿ. ಮೊದಲ ಉತ್ತರದಲ್ಲಿ ಹೇಳಿದ ಮಾತಿಗೆ ಇದು ಇನ್ನೊಂದು ಉದಾಹರಣೆ: ಮೂಲ ಯೋಜನೆಯವರ ಆವೃತ್ತಿ ಇಲ್ಲಿ ಏನನ್ನೂ ಹೇಳಲಾರದು, ಹೇಳಬೇಕಾದವರು ನೀವು.

ನಿಮ್ಮ ಮಾತಿನಲ್ಲಿ ಒಂದು ಸಂಗತಿ ನನಗೆ ಚಿಂತೆ ಹುಟ್ಟಿಸಿತು. ಸ್ಕೀಮಾ ಸರಿಪಡಿಸಿದ ಪ್ಯಾಕೇಜನ್ನು ಹಳೆಯದರ ಜಾಗದಲ್ಲಿ ಇಟ್ಟೆ ಎಂದಿರಿ. ರಿವಿಷನ್ ಏರಿಸಿದಿರಾ? ಏರಿಸದಿದ್ದರೆ, ಒಂದೇ ಹೆಸರಿನ ಎರಡು ಬೇರೆ ಬೇರೆ ಪ್ಯಾಕೇಜ್‌ಗಳು ಈಗ ಯಂತ್ರಗಳಲ್ಲಿ ಹರಡಿಕೊಂಡಿವೆ. ನಾಳೆ ಯಾರಾದರೂ ದೂರು ಕೊಟ್ಟಾಗ ನಿಮ್ಮ ಆವೃತ್ತಿ ಯಾವುದು ಎಂದು ಕೇಳಿ ಪಡೆಯುವ ಉತ್ತರದಿಂದ ಅವರಲ್ಲಿರುವುದು ಕೆಟ್ಟದ್ದೋ ಸರಿಯಾದದ್ದೋ ನಿಮಗೇ ತಿಳಿಯದು. ದಯವಿಟ್ಟು ಇಂದೇ ಏರಿಸಿ.

ಉತ್ತರ 4

ಮೇಲಿನ ಎಲ್ಲರ ಮಾತನ್ನೂ ಒಪ್ಪುತ್ತೇನೆ, ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ರಿವಿಷನ್ ಏರಿಸಿ, ಏರಿಸಿ ಎಂದು ಕೇಳಿದ ಹೊಸಬರು ಎಲ್ಲದಕ್ಕೂ ಏರಿಸಲು ತೊಡಗುವುದನ್ನು ಕಂಡಿದ್ದೇನೆ. ಟೂಲ್‌ಕಿಟ್ ಒಂದರ ಸುತ್ತ ಒಂದು ಸಲ ಏರಿಸಿದರೆ, ಮೂಲದಿಂದ ಬಿಲ್ಡ್ ಮಾಡುವ ಬಳಕೆದಾರರ ಪ್ರೊಸೆಸರ್ ರಾತ್ರಿಯಿಡೀ ದುಡಿಯಬೇಕಾಗುತ್ತದೆ. ಹೋಮ್‌ಪೇಜ್ ವಿಳಾಸ ತಿದ್ದಿದ್ದಕ್ಕೆ, ಮೇಕ್‌ಫೈಲಿನ ಟಿಪ್ಪಣಿ ಬದಲಿಸಿದ್ದಕ್ಕೆ, ಪ್ಯಾಚಿನ ತಲೆಯಲ್ಲಿ ವಿವರಣೆ ಸೇರಿಸಿದ್ದಕ್ಕೆ ಏರಿಸಬೇಕಿಲ್ಲ. ತಯಾರಾಗುವ ಬೈನರಿ ಅದೇ ಇರುತ್ತದೆ. ಒಂದು ಪ್ಲಾಟ್‌ಫಾರ್ಮ್‌ನಲ್ಲಿ ಇದುವರೆಗೆ ಬಿಲ್ಡ್ ಆಗದೇ ಇದ್ದದ್ದನ್ನು ಆಗುವಂತೆ ಮಾಡಿದರೂ ಬೇಕಿಲ್ಲ, ಅಲ್ಲಿ ಹಳೆಯ ಪ್ಯಾಕೇಜ್ ಯಾರ ಬಳಿಯೂ ಇಲ್ಲವಲ್ಲ. ಮುಂದೆ ಜಿಟಿಕೆಯ ಹೊಸ ಬಿಡುಗಡೆಗೆ ಹೋಗುವಾಗ ಪಿಕೆಜಿರಿವಿಷನ್ ಸಾಲನ್ನು ತೆಗೆದುಹಾಕುವುದನ್ನೂ ಮರೆಯಬೇಡಿ.

ನಿಮ್ಮ ಪ್ರಸಂಗದಲ್ಲಿ ಮೆಸನ್ ಬದಲಾವಣೆಗೂ ವೇಲ್ಯಾಂಡ್ ಬದಲಾವಣೆಗೂ ಸೇರಿ ಅವಲಂಬಿತ ಪ್ಯಾಕೇಜ್‌ಗಳನ್ನು ಒಂದೇ ಸಲ ಏರಿಸಿದರೆ ಸಾಕು. ಸ್ಕೀಮಾದ ತಿದ್ದುಪಡಿಗೆ ಜಿಟಿಕೆ 3 ಒಂದರ ರಿವಿಷನ್ ಏರಿದರೆ ಆಯಿತು, ಅದರ ಮೇಲಿನವರು ಬಿಲ್ಡ್ ಆಗುವಾಗ ಆ ಕಡತವನ್ನು ಓದುವುದಿಲ್ಲ. ಆ ಕಾರಣಕ್ಕಾಗಿ ಅವರನ್ನು ಮುಟ್ಟಬೇಡಿ.

ಇನ್ನು ಪರೀಕ್ಷೆಯ ರೀತಿ. ಮೊದಲಿನಿಂದ ಎಲ್ಲವನ್ನೂ ಬಿಲ್ಡ್ ಮಾಡಿ ನೋಡುವುದು ಅಗತ್ಯ, ಪಿಕೆಜಿಸೋರ್ಸ್‌ನ ಪಿಬಲ್ಕ್ ಎಂಬ ಸಾಧನ ಇರುವುದೇ ಅದಕ್ಕೆ. ಜಿಟಿಕೆ ಬದಲಾಗುವ ಮುಂಚೆ ಒಂದು ಸಲ, ಬದಲಾದ ಮೇಲೆ ಒಂದು ಸಲ ಓಡಿಸಿ, ಎರಡರ ವರದಿಗಳಲ್ಲಿ ಹೊಸದಾಗಿ ಬಿದ್ದವು ಯಾವುವು ಎಂದು ಹೋಲಿಸಬೇಕು. ಆದರೆ ನಿಮ್ಮ ಮೊದಲ ಎರಡು ದೂರುಗಳನ್ನು ಆ ಪರೀಕ್ಷೆ ಹಿಡಿಯುತ್ತಿರಲಿಲ್ಲ ಎಂಬುದನ್ನು ಗಮನಿಸಿ: ಒಂದು ಹಳೆಯದೂ ಹೊಸದೂ ಬೆರೆತ ಯಂತ್ರದಲ್ಲಿ ಮಾತ್ರ ಕಾಣುವಂಥದ್ದು, ಇನ್ನೊಂದು ತೀರ ಖಾಲಿ ಯಂತ್ರದಲ್ಲಿ ಮಾತ್ರ ಕಾಣುವಂಥದ್ದು. ಆದ್ದರಿಂದ ನಾನು ಟೂಲ್‌ಕಿಟ್‌ಗೆ ಸಂಬಂಧಿಸಿದ ಯಾವುದನ್ನೇ ಬದಲಿಸಿದರೂ ಇನ್ನೆರಡು ಪರಿಸರಗಳನ್ನು ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಹಿಂದಿನ ತ್ರೈಮಾಸಿಕ ಶಾಖೆಯ (ಪಿಕೆಜಿಸೋರ್ಸ್ ಮೂರು ತಿಂಗಳಿಗೊಮ್ಮೆ ಹೊರತರುವ ಸ್ಥಿರ ಪ್ರತಿ) ಬೈನರಿಗಳನ್ನು ತುಂಬಿ, ಜಿಟಿಕೆಯನ್ನಷ್ಟೇ ಏರಿಸಿ, ಅದರ ಮೇಲೆ ಎರಡು ಹಂತ ಎತ್ತರದಲ್ಲಿರುವ ಒಂದು ಪ್ರೋಗ್ರಾಮನ್ನು ಮೂಲದಿಂದ ಬಿಲ್ಡ್ ಮಾಡುತ್ತೇನೆ. ಇನ್ನೊಂದರಲ್ಲಿ ಟೂಲ್‌ಕಿಟ್ ಮತ್ತು ಒಂದೇ ಒಂದು ಪ್ರೋಗ್ರಾಮನ್ನು ಸ್ಥಾಪಿಸಿ, ಕಡತ ತೆರೆಯುವುದು, ಮುದ್ರಣದ ಸಂವಾದ, ಐಕಾನ್‌ಗಳು, ಒಂದು ಇನ್‌ಪುಟ್ ವಿಧಾನ ಇಷ್ಟನ್ನು ಕೈಯಿಂದಲೇ ನೋಡುತ್ತೇನೆ. ಅರ್ಧ ಗಂಟೆಯ ಕೆಲಸ.

ಪಿಕೆಜಿ ಡೆವಲಪರ್ ವೇರಿಯಬಲ್‌ಗೆ ಯೆಸ್ ಎಂದು ಕೊಟ್ಟಿದ್ದೀರಿ ತಾನೇ? ಪಿಲಿಸ್ಟ್‌ಗೂ ಸ್ಥಾಪಿತ ಕಡತಗಳಿಗೂ ತಾಳೆಯಾಗುತ್ತಿದೆಯೇ, ಬೈನರಿಗಳಿಗೆ ಬೇಕಾದ ಲೈಬ್ರರಿಗಳೆಲ್ಲ ಸಿಗುತ್ತಿವೆಯೇ ಎಂದು ಅದು ಪ್ರತಿ ಸಲವೂ ನೋಡುತ್ತದೆ.

ಕೊನೆಯದಾಗಿ ಹೊತ್ತಿನ ವಿಷಯ. ನೀವು ಸ್ಥಳೀಯ ಪ್ರತಿಯಲ್ಲಿ ಕೆಲಸ ಮಾಡುವವರಾದರೂ, ತ್ರೈಮಾಸಿಕ ಶಾಖೆ ಕವಲೊಡೆಯುವ ಮುಂಚಿನ ಫ್ರೀಜ್ ದಿನಗಳಲ್ಲಿ, ಅಂದರೆ ದೊಡ್ಡ ಬದಲಾವಣೆಗಳನ್ನು ತಡೆಹಿಡಿಯುವ ಅವಧಿಯಲ್ಲಿ, ಇಂತಹ ಬದಲಾವಣೆ ಬೇಡ. ಕವಲೊಡೆದ ಮರುದಿನದಿಂದ ಶುರುಮಾಡಿದರೆ ದೂರುಗಳು ಬಂದು ಸರಿಯಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಉತ್ತರ 3 ಬರೆದವರು ಕೇಳಿದ್ದಕ್ಕೆ: ಇಲ್ಲ, ಸ್ಕೀಮಾ ತಿದ್ದಿದಾಗ ರಿವಿಷನ್ ಏರಿಸಿರಲಿಲ್ಲ. ನಿಮ್ಮ ಮಾತು ಓದಿದ ಕೂಡಲೇ ಎನ್‌ಬಿ1 ಮಾಡಿ ಮತ್ತೆ ಹೊರಬಿಟ್ಟಿದ್ದೇನೆ, ಎಲ್ಲರಿಗೂ ಒಂದು ಸೂಚನೆ ಕಳಿಸಿದ್ದೇನೆ. ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. ಚಿತ್ರ ವೀಕ್ಷಕದವರು ಇನ್ನೂ ಸರಿಯಾಗಿಲ್ಲವೆಂದು ನಿನ್ನೆ ಬರೆದಿದ್ದರು; ಅವರ ಬಳಿ ಇದ್ದದ್ದು ಮೊದಲ ಪ್ಯಾಕೇಜ್ ಎಂಬುದು ಹೆಸರಿನಲ್ಲಿ ಎನ್‌ಬಿ1 ಇಲ್ಲದ್ದರಿಂದಲೇ ಗೊತ್ತಾಯಿತು.

ಉತ್ತರ 4ರಲ್ಲಿ ಹೇಳಿದಂತೆ ಬೆರಕೆ ಪರಿಸರವೊಂದನ್ನು ಕಟ್ಟಿಕೊಂಡು ಹಿಂದಿನ ಶಾಖೆಯ ಬೈನರಿಗಳನ್ನು ತುಂಬಿದೆ. ಮೊದಲು ರಿವಿಷನ್‌ಗಳನ್ನು ಮಾತ್ರ ಏರಿಸಿ, ಎಬಿಐ ಸಾಲುಗಳನ್ನು ಬೇಕೆಂದೇ ಹಳೆಯದಾಗಿ ಬಿಟ್ಟು ಬಿಲ್ಡ್ ಮಾಡಿ ನೋಡಿದೆ. ಉತ್ತರ 1ರಲ್ಲಿ ಬರೆದಂತೆಯೇ ಹಳೆಯ ಜಿಟಿಕೆಸೋರ್ಸ್‌ವ್ಯೂ ಸಾಕೆಂದು ಒಪ್ಪಿಕೊಂಡು, ಅದೇ ಲಿಬ್‌ಟೂಲ್ ದೋಷಕ್ಕೆ ಬಂದು ನಿಂತಿತು. ಎಬಿಐ ಸಾಲನ್ನು ಏರಿಸಿ ಮತ್ತೆ ಶುರುಮಾಡಿದಾಗ, ಸ್ಥಾಪಿತವಾಗಿರುವ ಜಿಟಿಕೆಸೋರ್ಸ್‌ವ್ಯೂ ಹಳೆಯದೆಂದು ಮೊದಲೇ ಹೇಳಿತು; ಅದನ್ನು ಮತ್ತೆ ಬಿಲ್ಡ್ ಮಾಡಿದ ಮೇಲೆ ಪಠ್ಯ ಸಂಪಾದಕವೂ ಪೂರ್ತಿಯಾಯಿತು. ಹೊಸ ಎಲ್‌ಎ ಕಡತವನ್ನು ತೆರೆದು ನೋಡಿದೆ. ಡಿಪೆಂಡೆನ್ಸಿ ಲಿಬ್ಸ್ ಸಾಲಿನಲ್ಲಿ ಈಗ ಲೈಬ್ರರಿಯನ್ನು ಹೆಸರಿನಿಂದ ಮಾತ್ರ ಸೂಚಿಸುವ ಹೈಫನ್ ಎಲ್ ಜಿಟಿಕೆ-3 ಎಂದಷ್ಟೇ ಇದೆ, ಎಲ್‌ಎ ಕಡತದ ಹೆಸರು ಹೋಗಿದೆ.

ವೇಲ್ಯಾಂಡ್ ಬೇಡವೆಂದವರಿಗೆ, ಜಿಡಿಕೆಯ ಆ ಪರೀಕ್ಷೆಯನ್ನು ಬಳಸುವ ಪ್ರೋಗ್ರಾಮ್‌ಗಳನ್ನು ತಮ್ಮ ಜಿಟಿಕೆಯ ಮೇಲೆಯೇ ಬಿಲ್ಡ್ ಮಾಡಿಕೊಳ್ಳಬೇಕೆಂದು ತಿಳಿಸಿದ್ದೇನೆ. ಪಿಲಿಸ್ಟ್‌ನ ವೇಲ್ಯಾಂಡ್ ಸಾಲುಗಳಿಗೆ ಗುರುತು ಹಚ್ಚಿಯಾಯಿತು, ಆಯ್ಕೆ ಇದ್ದೂ ಇಲ್ಲದೆಯೂ ಎರಡು ಸಲ ಬಿಲ್ಡ್ ಮಾಡಿ ಪಿಲಿಸ್ಟ್ ತಾಳೆಯಾಗುವುದನ್ನು ನೋಡಿದೆ. ಎಬಿಐ ಸಾಲುಗಳಲ್ಲಿ ಇನ್ನು ಎರಡು ಲೈಬ್ರರಿಗಳದ್ದು ಬಾಕಿ ಇದೆ, ಅವೂ ಮುಗಿದ ಮೇಲೆ ಒಟ್ಟಿಗೇ ಹೊರಬಿಡುತ್ತೇನೆ.